ಅಟ್ಟದ ಮೇಲಿನ ಅಭಿಮಾನಿ

ಅಕ್ಕ ತೀರಿಕೊಂಡ ಸುದ್ದಿಯನ್ನು ನಾನು ಮೊದಲು ತಿಳಿಸಿದ್ದು ಜಪಾನಿಗೆ. ಹಾರನಹಳ್ಳಿಯಲ್ಲಿರುವ ಅವರ ತಮ್ಮನಿಗೆ ತಿಳಿಸಿದ್ದು ಅದಾಗಿ ಹತ್ತು ನಿಮಿಷದ ಮೇಲೆ. ಆ ಹತ್ತು ನಿಮಿಷವನ್ನು ಅವರು ಇನ್ನೂ ಕ್ಷಮಿಸಿಲ್ಲ. ಹನ್ನೊಂದನೆಯ ದಿನ ಊಟಕ್ಕೆ ಕೂತಾಗ, ಅಕ್ಕಪಕ್ಕದ ಎಲೆಯವರಿಗೆಲ್ಲ ಕೇಳುವ ಹಾಗೆ, "ನಮ್ಮಕ್ಕ ಹೋಗಿದ್ದು ಯಾವನೋ ಸೈಕಲ್ ಅಂಗಡಿಯೋನಿಗೆ ಮೊದ್ಲು ಗೊತ್ತಾಯ್ತು, ಒಡಹುಟ್ಟಿದ ನನಗೆ ಆಮೇಲೆ" ಅಂದರು. ನಾನು ತಲೆ ತಗ್ಗಿಸಿಕೊಂಡು ಪಾಯಸ ಉಂಡೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ನನ್ನದೂ ಒಂದು ಮಾತಿದೆ. ಹಿಂದಿನ ದಿನ ಅಕ್ಕ ಹೇಳಿ ಬರೆಸಿದ್ದ ಪತ್ರಕ್ಕೆ ಜಪಾನಿನ ಆ ಸೈಕಲ್ ಅಂಗಡಿಯವರ ಉತ್ತರ ಆಗಷ್ಟೇ ನನ್ನ ಫೋನಿಗೆ ಬಂದಿತ್ತು. ಅದನ್ನು ತೋರಿಸೋಣವೆಂದು ಒಳಗೆ ಹೋದರೆ ಅಕ್ಕ ಮಂಚದ ಮೇಲೆ ಮಲಗಿದ ಹಾಗೇ ಹೋಗಿಬಿಟ್ಟಿದ್ದರು. ಫೋನು ಕೈಯಲ್ಲೇ ಇತ್ತು. ಜಪಾನಿನಿಂದ ಪತ್ರ ಬಂದ ತಕ್ಷಣ ಮರುಪತ್ರ ಬರೆಯುವುದು ನನ್ನ ಕೈಗೆ ರೂಢಿಯಾಗಿಹೋಗಿತ್ತು. ಕೈ ತಾನಾಗಿ ಬರೆಯಿತು.

ಅಕ್ಕ, ಆ ಸೈಕಲ್ ಅಂಗಡಿಯವರು, ಲೋಕದಲ್ಲಿ ಅಲ್ಲಲ್ಲಿ ಚದುರಿಹೋಗಿರುವ ಇನ್ನೂ ಕೆಲವು ನೂರು ಜನ, ಎಲ್ಲರೂ ಜಪಾನಿನ ಒಂದು ಸಣ್ಣ ರಾಕ್ ಬ್ಯಾಂಡಿನ ಅಭಿಮಾನಿಗಳು. ಅರವತ್ತು ದಾಟಿದ, ಹಾಸನದಾಚೆಗೆ ಹೋಗಿ ಗೊತ್ತಿಲ್ಲದ ಅರಸೀಕೆರೆಯ ಹೆಂಗಸೊಬ್ಬರು ಈ ಗುಂಪಿಗೆ ಹೇಗೆ ಸೇರಿದರು ಎಂಬುದನ್ನು ನಾನು ಹೇಳದಿದ್ದರೆ ಹೇಳುವವರಿಲ್ಲ. ತಮ್ಮನವರಂತೂ ಹೇಳುವುದಿಲ್ಲ.

ಅಕ್ಕ ನನ್ನ ಒಡಹುಟ್ಟಿದವರಲ್ಲ, ಮನೆಯ ಒಡತಿ. ನಾನು ಬೇಲೂರಿನವಳು. ಅರಸೀಕೆರೆಯ ಕಾಲೇಜಿಗೆ ಇಂಗ್ಲಿಷ್ ಪಾಠ ಹೇಳಲು ಬಂದಾಗ ಅವರ ಮನೆಯ ಮುಂದಿನ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಒಂಬತ್ತು ವರ್ಷವಾಯಿತು, ಈಗಲೂ ಅಲ್ಲೇ ಇದ್ದೇನೆ. ಇಡೀ ಬೀದಿ ಅವರನ್ನು ಅಕ್ಕ ಎನ್ನುತ್ತಿತ್ತು. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಎದುರುಮನೆಯ ಅಂಗಡಿ ಯಜಮಾನರೂ ಹಾಗೇ ಕರೆಯುತ್ತಿದ್ದರು. ಕುಳ್ಳಗೆ ಗಟ್ಟಿಮುಟ್ಟಾದ ಆಳು, ಹಣೆಯ ತುಂಬ ವಿಭೂತಿ, ಸೆರಗು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿದ್ದು. ಗಂಡ ಬೇಗ ಹೋಗಿದ್ದರು, ಮಕ್ಕಳಿರಲಿಲ್ಲ. ಒಬ್ಬರೇ ಇದ್ದೀರಲ್ಲ ಎಂದು ಯಾರಾದರೂ ಕನಿಕರ ತೋರಿಸಿದರೆ, ದಿನಕ್ಕೆ ತಾವು ಎಷ್ಟು ಜನರ ಜೊತೆ ಜಗಳ ಆಡಬೇಕಾಗುತ್ತದೆ ಎಂದು ಬೆರಳು ಮಡಿಸಿ ಲೆಕ್ಕ ಒಪ್ಪಿಸುತ್ತಿದ್ದರು. ಆ ಲೆಕ್ಕದಲ್ಲಿ ನನ್ನ ಹೆಸರು ಎರಡು ಸಲ ಬರುತ್ತಿತ್ತು. ನನಗೆ ಎಲ್ಲದರಲ್ಲೂ ಅವಸರ. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ನಿಂತಿರುತ್ತೇನೆ, ಅನ್ನ ಅರಳುವ ಮೊದಲೇ ಕುಕ್ಕರು ತೆಗೆಯುತ್ತೇನೆ. ಅಕ್ಕ ನನಗೆ ಇಟ್ಟ ಹೆಸರು ಅವಸರದ ಮೇಡಂ.

ಹಾರನಹಳ್ಳಿ ರಸ್ತೆಯಲ್ಲಿ ಅವರ ತೆಂಗಿನ ತೋಟ, ಮನೆಯ ಹಿಂಭಾಗದಲ್ಲಿ ಕೊಬ್ಬರಿಯ ಅಟ್ಟ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದೆಂದರೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟುಬಿಡುವುದು. ಮೊದಮೊದಲು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತದೆ. ನೀರು ಇಂಗಿದ ಮೇಲೆ ಕೆಲವು ತಿಂಗಳು ಏನೂ ಸದ್ದಿಲ್ಲ. ಕೊನೆಗೊಂದು ದಿನ ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡು ಒಳಗೇ ಉರುಳಾಡತೊಡಗುತ್ತದೆ, ಆಗ ಒಂದು ಒಣ ಸದ್ದು. ಅದು ಪೂರ್ತಿ ಬಿಟ್ಟಿದೆಯೋ, ಎಲ್ಲೋ ಒಂದು ಕಡೆ ಇನ್ನೂ ಕಚ್ಚಿಕೊಂಡಿದೆಯೋ ಎಂದು ಸಿಪ್ಪೆಯ ಹೊರಗಿನಿಂದ ಹೇಳುವುದು ಎಲ್ಲರಿಂದಾಗುವ ಕೆಲಸವಲ್ಲ. ಅವಸರಪಟ್ಟು ಸುಲಿದರೆ ಕೊಬ್ಬರಿ ಒಡೆಯುತ್ತದೆ, ಬೂಷ್ಟು ಹಿಡಿಯುತ್ತದೆ, ಒಂದು ವರ್ಷ ಕಾದದ್ದು ನೀರಲ್ಲಿ ಹೋಮ.

ಈ ವಿಷಯದಲ್ಲಿ ಅಕ್ಕನ ಕಿವಿ ಹೆಸರಾಗಿತ್ತು. ಹಾರನಹಳ್ಳಿ, ಜಾವಗಲ್, ಅತ್ತ ಹಗರೆಯಿಂದಲೂ ಜನ ಬಂದು ಕರೆದುಕೊಂಡು ಹೋಗುತ್ತಿದ್ದರು. ಅಟ್ಟ ಹತ್ತುವುದು, ನಾಲ್ಕು ಮೂಲೆಯಿಂದ ನಾಲ್ಕು ಕಾಯಿ, ನಡುವಿನಿಂದ ಒಂದು. ಕಿವಿಯ ಹತ್ತಿರ ಹಿಡಿದು ಎರಡೇ ಸಲ ಅಲ್ಲಾಡಿಸುವುದು. ಮೂರನೆಯ ಸಲ ಅಲ್ಲಾಡಿಸುವವರು ಈ ಕೆಲಸಕ್ಕೆ ಬರಬಾರದು ಎಂಬುದು ಅವರ ಖಚಿತ ಅಭಿಪ್ರಾಯ. ಆಮೇಲೆ ಇಳಿಸಿ ಅನ್ನುತ್ತಿದ್ದರು, ಇಲ್ಲವೇ ಇರಲಿ ಅನ್ನುತ್ತಿದ್ದರು. ಅದರ ಮೇಲೆ ಮಾತಿಲ್ಲ, ಕಾಫಿ ಕುಡಿದು ಬಸ್ಸು ಹತ್ತುವುದು. ಒಮ್ಮೆ ನನ್ನ ಕೈಗೂ ಒಂದು ಕಾಯಿ ಕೊಟ್ಟು ಪರೀಕ್ಷೆ ಮಾಡಿದರು. ನಾನು ಏಳೆಂಟು ಸಲ ಗಡಗಡ ಅಲ್ಲಾಡಿಸಿ ಆಗಿದೆ ಅಂದೆ. ಅದು ಮೊನ್ನೆಯಷ್ಟೇ ಮರದಿಂದ ಇಳಿಸಿದ ಕಾಯಿ. ಆ ಕಥೆಯನ್ನು ಅವರು ಬೀದಿಯ ಯಾವ ಮನೆಗೂ ಹೇಳದೆ ಬಿಡಲಿಲ್ಲ.

ಬ್ಯಾಂಡು ಬಂದದ್ದು ಅಟ್ಟದ ಮೇಲೆಯೇ. ಕಾಯಿ ತಿರುವಿ ಹಾಕುವಾಗ ಅಕ್ಕ ಫೋನಿನಲ್ಲಿ ವಚನ ಹಚ್ಚಿಕೊಳ್ಳುತ್ತಿದ್ದರು. ಆವತ್ತು ವಚನ ಮುಗಿದ ಮೇಲೆ ಫೋನು ತನ್ನಷ್ಟಕ್ಕೆ ತಾನೇ ಬೇರೆ ಹಾಡುಗಳಿಗೆ ಹೋಯಿತು. ಕೈ ತುಂಬ ಧೂಳು, ನಿಲ್ಲಿಸಲು ಮನಸ್ಸಾಗಲಿಲ್ಲ. ವಚನದಿಂದ ಹೊರಟ ಫೋನು ಯಾವ ದಾರಿ ಹಿಡಿದು ಜಪಾನಿಗೆ ಹೋಯಿತೋ ಅದಕ್ಕೇ ಗೊತ್ತು. ಸಂಜೆ ಅಕ್ಕ ಎರಡು ಬೆರಳಲ್ಲಿ ಫೋನು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು ಇದು ಯಾವ ಭಾಷೆ ನೋಡಿ ಅಂದರು. ಜಪಾನಿ ಅಂದೆ. ಆಶ್ಚರ್ಯವನ್ನೇನೂ ಪಡಲಿಲ್ಲ. ಏನು ಹಾಡುತ್ತಿದ್ದಾರೆ ಎಂದು ಕೇಳಿದರು. ಹಾಡಿನ ಕೆಳಗೆ ಯಾರೋ ಅಭಿಮಾನಿ ಇಂಗ್ಲಿಷಿನಲ್ಲಿ ಅರ್ಥ ಬರೆದಿದ್ದರು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಒಬ್ಬಳು ಹುಡುಗಿ ಮೆಷೀನು ನಿಲ್ಲಲಿ ಎಂದು ಕಾಯುತ್ತಿದ್ದಾಳೆ, ಅಷ್ಟೇ ಹಾಡು. ಮೆಷೀನು ನಿಂತಿತೇ ಎಂದು ಅಕ್ಕ ಕೇಳಿದರು. ಹಾಡಿನಲ್ಲಿ ಅದು ಇರಲಿಲ್ಲ. ಅವರಿಗೆ ಅದು ಬಹಳ ಹಿಡಿಸಿತು.

ನನಗೆ ಮಾತ್ರ ಗಾಳಿಗೆ ತಗಡು ಬಡಿದುಕೊಂಡ ಹಾಗೆ ಕೇಳುತ್ತಿತ್ತು. ಗೋಡೆಯ ಆಚೆಯಿಂದ ದಿನಾ ಕೇಳಿ ಕೇಳಿ ಬೇಸತ್ತು, ಇದರಲ್ಲಿ ಅಂಥದ್ದೇನಿದೆ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅಕ್ಕ ಸ್ವಲ್ಪ ಯೋಚಿಸಿ ಹೇಳಿದರು: "ನಮ್ ಹಾಡ್ನಾಗೆಲ್ಲ ಯಾರಾರ ಏನಾರ ಕೇಳ್ತಾನೇ ಇರ್ತಾರೆ. ದೇವ್ರು ಭಕ್ತಿ ಕೇಳ್ತಾನೆ, ಸಿನಿಮಾದೋನು ಪ್ರೀತಿ ಕೇಳ್ತಾನೆ. ಈ ಹುಡುಗ್ರು ನನ್ನ ಏನೂ ಕೇಳಲ್ಲ ಕಣಮ್ಮ. ಅವ್ರ ಪಾಡಿಗೆ ಅವ್ರು ಅವ್ರೆ."

ಬ್ಯಾಂಡಿನ ಹೆಸರು ಅವರ ಬಾಯಿಗೆ ಹತ್ತಲಿಲ್ಲ. ನಮ್ಮ ನಾಲ್ವರು ಎನ್ನುತ್ತಿದ್ದರು. ಹಾಡುವವಳು ಕಣ್ಣಿನ ಮೇಲೆ ಕೂದಲು ಬಿಟ್ಟುಕೊಂಡ ಸಣಕಲು ಹುಡುಗಿ. ಗಿಟಾರಿನವರು ಇಬ್ಬರು, ನೋಡಲು ತಾಲ್ಲೂಕು ಕಚೇರಿಯ ಗುಮಾಸ್ತರ ಹಾಗೆ. ಡ್ರಮ್ಮಿನವನು ದಪ್ಪ, ಕನ್ನಡಕ, ಪ್ರತಿ ಹಾಡು ಮುಗಿದ ಮೇಲೂ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಳ್ಳುತ್ತಿದ್ದ. ಅಕ್ಕನ ಪ್ರೀತಿಯೆಲ್ಲ ಅವನ ಮೇಲೆ. ಬೇರೆಯವರು ಹೊಡೆಯುವ ಜಾಗದಲ್ಲಿ ಅವನು ಹೊಡೆಯುವುದಿಲ್ಲ, ಕೂದಲೆಳೆಯಷ್ಟು ತಡೆದು ಹೊಡೆಯುತ್ತಾನೆ, ಆ ತಡೆಯುವುದೇ ಅವನ ಕೆಲಸ ಎಂದು ನನಗೆ ಎಷ್ಟೋ ಸಲ ಕೇಳಿಸಿ ತೋರಿಸಿದರು. ನನಗೆ ಕೂದಲೂ ಕೇಳಲಿಲ್ಲ, ಎಳೆಯೂ ಕೇಳಲಿಲ್ಲ. ಆಯುಧಪೂಜೆಯ ದಿನ ಕುಡುಗೋಲು, ಪಿಕಾಸಿ, ಕಾಯಿ ಸುಲಿಯುವ ಕಬ್ಬಿಣದ ಪಕ್ಕದಲ್ಲಿ ಫೋನನ್ನೂ ಇಟ್ಟು ಪೂಜೆ ಮಾಡಿದರು. ಪರದೆಯ ಮೇಲೆ ಬ್ಯಾಂಡಿನ ಚಿತ್ರವಿತ್ತು. ಕುಂಕುಮ ಸರಿಯಾಗಿ ಡ್ರಮ್ಮಿನವನ ಹಣೆಗೇ ಬಿತ್ತು. ಒರೆಸಲು ಮೂರು ದಿನ ಬಿಡಲಿಲ್ಲ.

ಆ ಬ್ಯಾಂಡಿನ ಅಭಿಮಾನಿಗಳಲ್ಲಿ ಒಂದು ಪದ್ಧತಿಯಿದೆ. ಹಾಡಿನ ಕೆಳಗೆ ಹೊಗಳಿ ಬರೆಯುವುದಿಲ್ಲ. ತಾನು ಯಾವ ಊರಲ್ಲಿ ಕೂತು ಕೇಳಿದೆ, ಆಗ ಹೊರಗೆ ಹೇಗಿತ್ತು, ಅಷ್ಟನ್ನೇ ಬರೆದು ಸುಮ್ಮನಾಗುವುದು. ಹೀಗೆ ಮೊದಲು ಬರೆದವರು ಬ್ಯಾಂಡಿನ ಊರಿನವರೇ ಆದ ಆ ಸೈಕಲ್ ಅಂಗಡಿಯವರು. ಇದನ್ನು ಓದಿ ಹೇಳಿದಾಗ ಅಕ್ಕ ತಾವೂ ಬರೆಯಬೇಕು ಅಂದರು. ಅವರು ಹೇಳುವುದು, ನಾನು ಇಂಗ್ಲಿಷಿನಲ್ಲಿ ಒತ್ತುವುದು. ಮೊದಲನೆಯದು ಹೀಗಿತ್ತು: ಅರಸೀಕೆರೆ, ಅಟ್ಟದ ಮೇಲೆ, ಪಡುವಣ ಗಾಳಿ, ಅಳಿಲು ಮೂರು ಕಾಯಿ ತೂತು ಮಾಡಿದೆ. ಅಳಿಲಿನ ಸಮಾಚಾರ ಜಪಾನಿಗೇಕೆ ಎಂದು ನಾನು ಅದನ್ನು ಬಿಟ್ಟು ಬರೆದು ಓದಿ ಹೇಳಿದೆ. ಇಂಗ್ಲಿಷಿನಲ್ಲಿ ಥ್ರೀ ಅನ್ನುವ ಮಾತೇ ಬರಲಿಲ್ಲವಲ್ಲ ಎಂದು ಅಕ್ಕ ಹಿಡಿದುಹಾಕಿದರು. ಸೇರಿಸಿದೆ. ಎರಡು ದಿನದಲ್ಲಿ ಎಲ್ಲೋ ಚಿಲಿ ದೇಶದ ಬಸ್ ಚಾಲಕನೊಬ್ಬ ಅಳಿಲು ಹೇಗಿದೆ ಎಂದು ಕೇಳಿ ಬರೆದ. ಅಲ್ಲಿಂದ ಮುಂದೆ ಅಕ್ಕ ಹೇಳಿದ್ದರಲ್ಲಿ ಒಂದು ಪದವನ್ನೂ ಬಿಡುವ ಧೈರ್ಯ ನನಗೆ ಬರಲಿಲ್ಲ.

ಆ ನಾಲ್ವರು ಎಲ್ಲದರಲ್ಲೂ ನಿಧಾನ. ಮುಂದಿನ ವಸಂತಕ್ಕೆ ಹೊಸ ಹಾಡು ಎಂದು ಹೇಳಿ ಮೂರು ವಸಂತ ಕಳೆದಿದ್ದವು. ಅಭಿಮಾನಿಗಳಲ್ಲಿ ಕೆಲವರು ಗೊಣಗತೊಡಗಿದರು. ಅಕ್ಕ ಗೊಣಗಲಿಲ್ಲ. ನೀರು ಇಂಗಿದ ಮೇಲೆ ಕಾಯಿ ಕೆಲವು ತಿಂಗಳು ಮಾತೇ ಆಡುವುದಿಲ್ಲ, ಆಗ ಕೆಟ್ಟಿತು ಎಂದು ತಿಳಿಯುವವನು ದಡ್ಡ ಎಂದು ಬರೆಸಿದರು. ಆ ಮಾತನ್ನು ಸೈಕಲ್ ಅಂಗಡಿಯವರು ಜಪಾನಿ ಭಾಷೆಗೆ ತಿರುಗಿಸಿ ತಮ್ಮ ಅಂಗಡಿಯ ಬಾಗಿಲಿಗೆ ಅಂಟಿಸಿದ್ದಾರೆಂದು ಒಂದು ಫೋಟೋ ಬಂತು.

ಆಮೇಲೆ ಆ ಸೈಕಲ್ ಅಂಗಡಿಯವರೇ ಬಂದರು. ದೇವಸ್ಥಾನ ನೋಡುವ ನೆಪ, ಇಳಿದುಕೊಂಡಿದ್ದು ಬೇಲೂರಿನಲ್ಲಿ. ಹಳೇಬೀಡಿನಲ್ಲಿ ಭೇಟಿಯಾಗುವುದೆಂದು ಮಾತಾಯಿತು. ಅಕ್ಕ ಹಿಂದಿನ ದಿನವೇ ನಿಂಬೆಹಣ್ಣು ತರಿಸಿ, ಬೆಳಿಗ್ಗೆ ಚಿತ್ರಾನ್ನ ಕಲಸಿ, ಡಬ್ಬಿ ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು. ಐವತ್ತರ ಮನುಷ್ಯ, ಬೆರಳ ಸಂದಿನಲ್ಲಿ ತೊಳೆದರೂ ಹೋಗದ ಗ್ರೀಸಿನ ಕಪ್ಪು. ಅವರು ಬಗ್ಗಿ ನಮಸ್ಕರಿಸಿದರು, ಅಕ್ಕ ಕೈಮುಗಿದರು, ಅವರು ಮತ್ತೆ ಬಗ್ಗಿದರು, ಇವರು ಮತ್ತೆ ಮುಗಿದರು. ಇದು ಸಂಜೆಯವರೆಗೂ ನಡೆದೀತೆಂದು ಹೆದರಿ ನಾನೇ ನಡುವೆ ಹೋಗಿ ಒಳಗೆ ಕರೆದೆ. ಅವರು ತಂದಿದ್ದು ಬ್ಯಾಂಡಿನ ಚಿತ್ರವಿದ್ದ ಒಂದು ಟವೆಲ್. ಅಲ್ಲಿ ಅಭಿಮಾನಿಗಳು ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾರಂತೆ. ಅಕ್ಕ ಅದನ್ನು ಬಿಸಿಲಿಗೆ ತಲೆಗೆ ಕಟ್ಟಿಕೊಂಡರು. ಆ ಫೋಟೋ ಅಭಿಮಾನಿಗಳ ನಡುವೆ ಊರೂರು ಸುತ್ತಿತು.

ದೇವಸ್ಥಾನದ ಗೋಡೆಯ ಆನೆಸಾಲನ್ನು ಅವರಿಬ್ಬರೂ ಒಂದೊಂದೇ ಆನೆಯಂತೆ ನೋಡುತ್ತ ಹೋದರು. ಚಿಕ್ಕಂದಿನಿಂದ ನೋಡಿದ ನನಗೆ ಹೊಟ್ಟೆ ಹಸಿದಿತ್ತು. ಮೂಲೆ ತಿರುಗುವಲ್ಲಿ ಸೈಕಲ್ ಅಂಗಡಿಯವರು ಹಿಂದಿನಿಂದ ಅಕ್ಕ ಎಂದು ಕರೆದರು. ತಿರುಗಲಿಲ್ಲ. ಮತ್ತೆ ಕರೆದರು. ಮೂರನೆಯ ಸಲವೂ ಅಕ್ಕ ಕಲ್ಲನ್ನೇ ನೋಡುತ್ತಿದ್ದರು. ಮೈಮರೆತಿದ್ದಾರೆ ಎಂದುಕೊಂಡು ನಾನು ನಕ್ಕೆ. ಆತ ನಗಲಿಲ್ಲ. ಸದ್ದು ಕೇಳಿ ಸೈಕಲಿನ ರೋಗ ಹೇಳುವ ಮನುಷ್ಯ. ಕೆರೆ ಏರಿಯ ಮೇಲೆ ಚಿತ್ರಾನ್ನ ತಿನ್ನುವಾಗ, ಅಕ್ಕ ಕೈತೊಳೆಯಲು ಹೋದ ಹೊತ್ತು ನೋಡಿ, ಅವರಿಗೆ ಯಾವ ಕಿವಿ ಹೋಗಿದೆ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದ ನನಗೆ ಅದು ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

ಗೊತ್ತಾದ ಮೇಲೆ ಎಲ್ಲವೂ ಕಾಣತೊಡಗಿತು. ಅಕ್ಕ ಕಾಯಿಯನ್ನು ಈಗ ಕಿವಿಯ ಹತ್ತಿರ ಹಿಡಿಯುತ್ತಿರಲಿಲ್ಲ, ದವಡೆಯ ಮೂಳೆಗೆ ಒತ್ತಿ ಹಿಡಿಯುತ್ತಿದ್ದರು. ಮೂರು ಸಲ ಅಲ್ಲಾಡಿಸುತ್ತಿದ್ದರು, ಒಮ್ಮೊಮ್ಮೆ ನಾಲ್ಕು. ನಾನು ನೋಡಿದ್ದನ್ನು ಅವರು ನೋಡಿದರು.

ಆ ವರ್ಷವೇ ಹಗರೆಯ ಒಬ್ಬ ರೈತರ ಅಟ್ಟದಲ್ಲಿ ಇಳಿಸಿ ಅಂದು ಬಂದರು. ಇಳಿಸಿ ಸುಲಿದರೆ ಅರ್ಧಕ್ಕರ್ಧ ಚಿಪ್ಪಿಗೆ ಕಚ್ಚಿಕೊಂಡ ಹಸಿ ಕೊಬ್ಬರಿ. ಆ ರೈತರು ದೊಡ್ಡ ಮನಸ್ಸಿನವರು, ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಸುದ್ದಿ ಅಕ್ಕನಿಗೆ ತಲುಪಿದ್ದು ಹೇಗೋ ತಿಳಿಯದು. ಮಾರನೆಯ ದಿನ ನನ್ನನ್ನು ಕರೆದುಕೊಂಡು ಹಗರೆಗೆ ಹೋದರು. ಆ ಮನೆಯ ಜಗಲಿಯಲ್ಲಿ, ನಾಲ್ಕು ಜನ ಕೂತಿದ್ದಾಗಲೇ ನಿಂತುಕೊಂಡು ಹೇಳಿದರು: "ತಪ್ಪು ನಿಮ್ದಲ್ಲ, ಕಾಯಿದೂ ಅಲ್ಲ. ನನ್ನ ಕಿವಿ ಹೋಗೈತೆ. ಇನ್ಮೇಲೆ ನನ್ನ ಕರೀಬ್ಯಾಡಿ, ಬೇರೆಯೋರ್ಗೂ ಹೇಳ್ಬಿಡಿ." ಆ ಮನೆಯವರು ಕೂರಿಸಿ ಕಾಫಿ ಕೊಟ್ಟರು. ಅಕ್ಕ ಕುಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. ನಾನು ಅವರ ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ.

ಹಾಸನದ ಡಾಕ್ಟರು ನರದ ತೊಂದರೆ, ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಇನ್ನೊಂದು ವರ್ಷ ಬಂದರೆ ಹೆಚ್ಚು ಅಂದರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಅದರಲ್ಲಿ ಬಸ್ಸಿನ ಸದ್ದೂ ಚಮಚದ ಸದ್ದೂ ಒಂದೇ ಥರ ಕಿರುಚುತ್ತವೆ ಎಂದು ನಾಲ್ಕು ದಿನ ಹಾಕಿ ಡಬ್ಬಿಯಲ್ಲಿಟ್ಟರು. ಅತ್ತುಕೊಂಡು ಕೂರುವ ಜಾಯಮಾನ ಅವರದಲ್ಲ. ಆದರೆ ಒಂದು ದಿನ ಅಟ್ಟದ ಏಣಿಯ ಹತ್ತಿರ ನಿಂತು, ಯಾವುದೋ ಬೇರೆ ಮಾತಿನ ನಡುವೆ, ಆ ಹುಡುಗರು ಹೊಸ ಹಾಡು ಹಾಕುವವರೆಗೆ ಈ ಎಡಗಿವಿ ಉಳಿದರೆ ಸಾಕು ಅಂದರು. ಅವರು ತಮಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಾಗಾದರೆ ಬ್ಯಾಂಡಿನವರಿಗೆ ತಿಳಿಸೋಣ, ಬೇಗ ಮುಗಿಸುತ್ತಾರೆ ಅಂದೆ. ಅಕ್ಕ ಬೇಡವೆಂದರು. ನಾನು ವಾದ ಮಾಡಿದೆ. ಅವರು ಇನ್ನೂ ಗಟ್ಟಿಯಾಗಿ ಬೇಡವೆಂದರು. ನನ್ನ ಸ್ವಭಾವ ನಿಮಗೆ ಆಗಲೇ ಹೇಳಿದ್ದೇನೆ. ಅವರಿಗೆ ಗೊತ್ತಾಗದ ಹಾಗೆ ಸೈಕಲ್ ಅಂಗಡಿಯವರಿಗೆ ಬರೆದೆ. ಎಲ್ಲವನ್ನೂ ಬರೆದೆ, ಹಗರೆಯದನ್ನೂ ಬಿಡಲಿಲ್ಲ. ಅವರು ಬ್ಯಾಂಡಿನ ಹುಡುಗಿಗೆ ಹೇಳಿದರು. ಮೂರು ವಾರದಲ್ಲಿ ನನ್ನ ಫೋನಿಗೆ ಒಂದು ಹಾಡು ಬಂತು. ಇನ್ನೂ ಮುಗಿದಿಲ್ಲ, ಯಾರಿಗೂ ಕೇಳಿಸಿಲ್ಲ, ಅಕ್ಕನಿಗೆ ಮಾತ್ರ ಎಂದು ಕೆಳಗೆ ಬರೆದಿತ್ತು. ನಾನು ಗೆದ್ದೆನೆಂದುಕೊಂಡು ಅಟ್ಟ ಹತ್ತಿದೆ.

ಅಕ್ಕ ಎಡಗಿವಿಗೆ ಫೋನು ಒತ್ತಿಕೊಂಡು ಕೊನೆಯವರೆಗೂ ಕೇಳಿದರು. ಇನ್ನೊಂದು ಸಲ ಕೇಳಿದರು. ಆಮೇಲೆ ಇದು ಹೇಗೆ ಬಂತು ಎಂದು ಕೇಳಿದರು. ಹೇಳಿದೆ. ಮುಖ ಗಂಟಿಕ್ಕಲಿಲ್ಲ, ದನಿ ಏರಿಸಲಿಲ್ಲ. ಇದು ಇನ್ನೂ ಆಗಿಲ್ಲ ಅಂದರು. ಆ ಹುಡುಗಿ ಕೊನೆಯ ಸಾಲು ಎಳೆದು ಉಸಿರು ತೆಗೆದುಕೊಳ್ಳುತ್ತಾಳೆ, ಆ ಉಸಿರು ಮುಗಿಯುವ ಮೊದಲೇ ಡ್ರಮ್ಮು ಬಂದುಬಿಡುತ್ತದೆ, ತಡೆದು ಹೊಡೆಯುವ ಹುಡುಗ ತಡೆದಿಲ್ಲ, ಯಾರೋ ಹಿಂದಿನಿಂದ ನೂಕಿದ್ದಾರೆ ಅಂದರು. ನೂಕಿದವಳು ನಾನೇ ಎಂದು ಇಬ್ಬರಿಗೂ ಗೊತ್ತಿತ್ತು.

"ನನ್ನ ಕಿವಿ ಹೋಗ್ತೈತೆ ಅಂತ ಅವ್ರ ಹಾಡು ಕೆಡಬೇಕಾ?" ಅಂದರು.

ನಾನು ತಪ್ಪಾಯಿತು ಅಂದೆ. ಆದರೆ ಸಿಟ್ಟೂ ಬರುತ್ತಿತ್ತು. ಇದನ್ನು ಬಿಟ್ಟರೆ ಮುಂದೆ ನೀವು ಕೇಳದೆಯೇ ಹೋಗಬಹುದು, ಅಷ್ಟಾದರೂ ಯೋಚನೆ ಮಾಡಿ ಅಂದೆ. ಅಕ್ಕ ಯೋಚನೆ ಮಾಡಿದರು. ಎಷ್ಟು ಹೊತ್ತೆಂದರೆ ನಾನು ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಕೊನೆಗೆ, "ಬರಕೊಳ್ಳಿ. ನಿಧಾನ ಮಾಡಿ. ನನಗೋಸ್ಕರ ಅವಸರ ಮಾಡ್ಬ್ಯಾಡಿ. ಉಸಿರು ಮುಗೀಲಿ, ಆಮೇಲೆ ಹೊಡೀರಿ" ಅಂದರು. ಬರೆಯುವಾಗ ನನಗೆ ಕಣ್ಣು ಮಂಜಾಗಿ ಅಕ್ಷರ ತಪ್ಪಿದವು. ಅವರು ಆ ಹಾಡನ್ನು ಅಳಿಸಿಹಾಕಿಸಿದರು. ಹದಿನೈದು ದಿನ ನನ್ನ ಜೊತೆ ಕೆಲಸವಿದ್ದಷ್ಟೇ ಮಾತಾಡಿದರು. ಪತ್ರಕ್ಕೆ ಬ್ಯಾಂಡಿನಿಂದ ಉತ್ತರ ಬರಲಿಲ್ಲ.

ಎಡಗಿವಿ ಡಾಕ್ಟರು ಹೇಳಿದಷ್ಟೂ ಬರಲಿಲ್ಲ. ಮೊದಲು ಗಾಳಿಯ ಸದ್ದು ಹೋಯಿತು, ಆಮೇಲೆ ನನ್ನ ದನಿ. ಕುಕ್ಕರಿನ ಸೀಟಿ ಬಹಳ ದಿನ ಉಳಿದಿತ್ತು. ಅಂಥ ಸದ್ದು ಕೊನೆಯವರೆಗೆ ಉಳಿಯಬೇಕೇ ಎಂದು ಅವರೇ ನಕ್ಕರು. ಹಳೆಯ ಹಾಡುಗಳನ್ನು ಫೋನಿನ ದನಿ ಪೂರ್ತಿ ಏರಿಸಿಕೊಂಡು ಕೇಳುತ್ತಿದ್ದರು, ಬೀದಿಗೆಲ್ಲ ಬಾಯಿಪಾಠವಾಯಿತು. ಎದುರುಮನೆಯ ಯಜಮಾನರು ಒಮ್ಮೆ ಅಂಗಡಿಯಲ್ಲಿ ಸಾಮಾನು ಕಟ್ಟುತ್ತ ಜಪಾನಿ ಹಾಡು ಗುನುಗುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ಒಂದು ಬೆಳಿಗ್ಗೆ ಅಕ್ಕ ಫೋನನ್ನು ತಂದು ನನ್ನ ಮೇಜಿನ ಮೇಲಿಟ್ಟು, ಇನ್ನು ಇದು ನಿಮ್ಮ ಹತ್ತಿರವೇ ಇರಲಿ ಅಂದರು. ಅಲ್ಲಿಂದ ಮುಂದೆ ನಾನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದೆ, ಅವರು ಬಾಯಲ್ಲಿ ಹೇಳುತ್ತಿದ್ದರು. ಅಭಿಮಾನಿಗಳಿಗೆ ಬರೆಸುವುದನ್ನು ಮಾತ್ರ ಬಿಡಲಿಲ್ಲ. ಹೊರಗೆ ಹೇಗಿದೆ ಎಂದು ಹೇಳಲು ಕಿವಿ ಬೇಕಿಲ್ಲವಲ್ಲ ಅನ್ನುತ್ತಿದ್ದರು.

ಹೊಸ ಹಾಡು ಬಂದದ್ದು ಅವರು ಪತ್ರ ಬರೆಸಿ ವರ್ಷದ ಮೇಲೆ, ಒಂದು ಭಾನುವಾರ ಮಧ್ಯಾಹ್ನ. ನಾನು ಅಟ್ಟಕ್ಕೆ ಓಡಿದೆ. ಅಕ್ಕ ಕಾಯಿ ತಿರುವಿ ಹಾಕುತ್ತಿದ್ದರು. ಪರದೆ ತೋರಿಸಿದೆ. ನಾಲ್ವರ ಮುಖ ನೋಡಿ, ಡ್ರಮ್ಮಿನವನು ಕನ್ನಡಕ ಬದಲಾಯಿಸಿದ್ದಾನೆ ಅಂದರು. ಗೋಣಿಚೀಲದ ಮೇಲೆ ಕೂತು ನನ್ನನ್ನೂ ಎದುರಿಗೆ ಕೂರಿಸಿಕೊಂಡರು. ನೀವು ಕೇಳಿ ಹೇಳಿ ಅಂದರು.

ಇಷ್ಟು ವರ್ಷದಲ್ಲಿ ಆ ನಾಲ್ವರ ಒಂದು ಹಾಡನ್ನೂ ನಾನು ಮನಸ್ಸಿಟ್ಟು ಕೇಳಿರಲಿಲ್ಲ. ಆವತ್ತು ಕೇಳಿದೆ. ಹುಡುಗಿ ಹಾಡಿದಳು. ಕೊನೆಯ ಸಾಲನ್ನು ಎಳೆದಳು. ಉಸಿರು ತೆಗೆದುಕೊಂಡಳು, ಆ ಉಸಿರೂ ನನಗೆ ಕೇಳಿತು. ಡ್ರಮ್ಮು ಬರಲಿಲ್ಲ. ಫೋನು ನಿಂತುಹೋಯಿತೇನೋ ಎಂದು ನೋಡಿದೆ. ಇನ್ನೂ ಬರಲಿಲ್ಲ. ಆಮೇಲೆ ಬಂತು, ಮೆತ್ತಗೆ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. "ಕಾಯ್ತಾನಾ?" ಅಂದರು.

ತಲೆಯಾಡಿಸಿದೆ.

"ಎಷ್ಟೊತ್ತು?"

ಅದನ್ನು ತಲೆಯಾಡಿಸಿ ಹೇಳಲಾಗುತ್ತಿರಲಿಲ್ಲ, ಚೀಟಿಯಲ್ಲಿ ಬರೆಯಲೂ ಆಗುತ್ತಿರಲಿಲ್ಲ. ಹಾಡನ್ನು ಮತ್ತೆ ಹಚ್ಚಿ ಅವರ ಎಡಗೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಹುಡುಗಿ ಹಾಡಿದಂತೆ ಬೆರಳನ್ನು ಮಣಿಕಟ್ಟಿನಿಂದ ಮೊಣಕೈಯವರೆಗೆ ಎಳೆದುಕೊಂಡು ಹೋದೆ. ಉಸಿರು ಬಂದ ಕಡೆ ಬೆರಳೆತ್ತಿದೆ. ಎತ್ತಿದ ಬೆರಳು ಹಾಗೇ ನಿಂತಿತು. ಡ್ರಮ್ಮು ಬಿದ್ದಾಗ ಅಂಗೈಯನ್ನು ಅವರ ಕೈಯ ಮೇಲೆ ಮೆಲ್ಲಗೆ ಇಟ್ಟೆ. ಅಕ್ಕ ಕಣ್ಣು ಮುಚ್ಚಿ, ಹೂಂ ಅಂದರು. ಇನ್ನೊಮ್ಮೆ ಮಾಡಿಸಿದರು. ಆ ಹುಡುಗ ಕಾದದ್ದು ನಮ್ಮ ಪತ್ರದಿಂದಲೋ, ಅವನಿಗೇ ಹೊಳೆದೋ ನನಗೆ ಗೊತ್ತಿಲ್ಲ. ಅಕ್ಕನೂ ಕೇಳಲಿಲ್ಲ.

ನನಗೆ ಅಳು ಬಂತು. ಕೇಳಬೇಕಾದವರು ಕೇಳಲಿಲ್ಲ, ಕೇಳಲು ಬಾರದ ನಾನು ಕೇಳಿದೆನಲ್ಲ ಎಂದು ದುಃಖವಾಯಿತು. ಅಕ್ಕ ತಲೆಗೆ ಕಟ್ಟಿದ್ದ ಜಪಾನಿನ ಟವೆಲಿನ ಚುಂಗಿನಿಂದ ತಮ್ಮ ಕೈಯ ಧೂಳು ಒರೆಸಿಕೊಂಡು, ಅದೇ ಚುಂಗಿನಿಂದ ನನ್ನ ಮುಖ ಒರೆಸಿದರು.

"ಇನ್ನೊಂದ್ಸಲ ಹಾಕ್ಕಳಿ ಮೇಡಂ. ನನ್ನ ಕೈ ಬಿಡಿ, ಸುಮ್ಕೆ ಕೇಳಿ. ನೀವು ಕೇಳೋದ್ನ ನಾನು ನೋಡ್ತಾ ಕೂತಿರ್ತೀನಿ."

ನಾನು ಹಾಡು ಹಚ್ಚಿ ಕಣ್ಣು ಮುಚ್ಚಿಕೊಂಡೆ. ಅಕ್ಕ ನೋಡುತ್ತ ಕೂತರು.